ಒಂದೇ ಕೈಯಲ್ಲಿ ಬಿಚ್ಚಬಹುದಾದ ಫಿಲ್ಟರ್

ನನ್ನ ಕಾರು ನನಗಿಂತ ಹಿರಿಯದು, ಮಾವನವರು ಬಿಟ್ಟುಹೋದದ್ದು. ಅದು ಓಡುವಾಗ ಜನ ತಿರುಗಿ ನನ್ನನ್ನು ನೋಡುತ್ತಾರೆ. ನಿಂತಾಗ ನಾನು ತಿರುಗಿ ಜನರನ್ನು ನೋಡುತ್ತೇನೆ, ಯಾರಾದರೂ ತಳ್ಳುತ್ತಾರೇನೋ ಎಂದು. ಎಂಜಿನ್ನಿನ ಬಗ್ಗೆ ನನಗಿರುವ ಜ್ಞಾನವೆಂದರೆ ಅದು ಮುಂದುಗಡೆ ಇದೆ ಎಂಬುದಷ್ಟೇ. ಉಳಿದದ್ದೆಲ್ಲ ಸಣ್ಣ ಮೇಸ್ತ್ರಿಯ ಪಾಲು.

ಸಣ್ಣ ಮೇಸ್ತ್ರಿ ಸಣ್ಣವನೇನಲ್ಲ. ನನ್ನದೇ ವಯಸ್ಸು, ತಲೆ ನನಗಿಂತ ಹೆಚ್ಚು ನೆರೆತಿದೆ. ಅಣ್ಣನೊಬ್ಬ ಇರುವುದರಿಂದ ಆ ಹೆಸರು. ಅಪ್ಪನ ಕಾಲದ ಶೆಡ್ಡಿಗೆ ನಡುವೆ ತಗಡು ಹೊಡೆದು ಇಬ್ಬರೂ ಪಾಲು ಮಾಡಿಕೊಂಡಿದ್ದಾರೆ. ಆ ಕಡೆ ದೊಡ್ಡ ಮೇಸ್ತ್ರಿಯ ಲಾರಿಗಳು, ಈ ಕಡೆ ಇವನ ಕಾರುಗಳು. ಇವನಿಗೆ ಮದುವೆಯಾಗಿಲ್ಲ. ಶೆಡ್ಡಿನ ಹಿಂದಿನ ಕೋಣೆಯೇ ಮನೆ: ಒಂದು ಮಂಚ, ಒಂದು ಸ್ಟೌ, ಮೊಳೆಗೆ ನೇತುಹಾಕಿದ ಒಂದು ಅಂಗಿ. ನಾನು ಹೋದರೆ ಲೋಟದಲ್ಲಿ ನನಗೆ ಟೀ ಕೊಟ್ಟು, ತಾನು ಡಬ್ಬದ ಮುಚ್ಚಳದಲ್ಲಿ ಕುಡಿಯುತ್ತಾನೆ.

"ಇನ್ನೊಂದು ಲೋಟ ತಗೋಬಾರದೇನಯ್ಯಾ?"

"ಯಾರು ಬರ್ತಾರೆ ಸಾರ್?"

"ನಾನು ಬಂದಿಲ್ವಾ?"

"ನೀವು ಬಂದಿದ್ದಲ್ಲ, ಕಾರು ಬಂದಿದ್ದು. ಅದರ ಜೊತೇಲಿ ನೀವು."

ಅಣ್ಣತಮ್ಮಂದಿರು ಮಾತು ಬಿಟ್ಟು ಬಹಳ ವರ್ಷವಾಗಿತ್ತು. ಕಾರಣ ಏನೆಂದು ಸಣ್ಣವನನ್ನು ಕೇಳಿದೆ. "ಅವರನ್ನೇ ಕೇಳಿ" ಅಂದ. ದೊಡ್ಡವರನ್ನು ಕೇಳಿದೆ. "ಅವನನ್ನೇ ಕೇಳಿ" ಅಂದರು. ಆ ಒಂದು ವಿಷಯದಲ್ಲಿ ಇಬ್ಬರದೂ ಒಂದೇ ಅಭಿಪ್ರಾಯ.

ಇವರಿಬ್ಬರೂ ಎದುರುಬದುರಾಗುತ್ತಿದ್ದದ್ದು ನನ್ನ ಕಾರಿನ ದೆಸೆಯಿಂದ ಮಾತ್ರ. ಅದರ ಆಯಿಲ್ ಫಿಲ್ಟರನ್ನು ಕಟ್ಟಿದ ಮಹಾನುಭಾವ ಯಾರೋ, ಅದನ್ನು ಎಂಜಿನ್ನಿನ ತೀರ ಕೆಳಗೆ, ಸ್ಟೀರಿಂಗಿನ ಕಬ್ಬಿಣದ ಸಂದಿಯಲ್ಲಿ ಸಿಕ್ಕಿಸಿದ್ದ. ಅದೊಂದು ಬಟ್ಟಲು, ಎಣ್ಣೆ ಸೋಸುವ ಫಿಲ್ಟರ್ ಅದರೊಳಗೆ. ಕಾರಿನಡಿ ಮಲಗಿದವನು ಅದನ್ನು ಎತ್ತಿ ಹಿಡಿಯಬೇಕು. ಮೇಲಿನವನು ಬಗ್ಗಿ, ವಾಷರ್ ಸರಿಯಾಗಿ ಕೂತಿದೆಯೇ ಎಂದು ನೋಡಿ ಹೇಳಬೇಕು. ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ. ಹಾಗಾಗಿ ಎಣ್ಣೆ ಬದಲಿಸುವಾಗೆಲ್ಲ ಸಣ್ಣ ಮೇಸ್ತ್ರಿ ತಗಡಿಗೆ ಸ್ಪ್ಯಾನರಿನಿಂದ ಬಡಿಯುತ್ತಿದ್ದ. ದೊಡ್ಡವರು ಕೈ ಒರೆಸಿಕೊಳ್ಳುತ್ತ ಬಂದು, ಯಾರ ಮುಖವನ್ನೂ ನೋಡದೆ ಬಾನೆಟ್ಟಿನೊಳಗೆ ಬಗ್ಗುತ್ತಿದ್ದರು.

"ಎತ್ತು."

"ಎತ್ತಿದೀನಿ."

"ಎಡಕ್ಕೆ."

"ಎಡಕ್ಕೇ ಇದೆ."

"ನಿನ್ನ ಎಡ ಅಲ್ಲ, ನನ್ನ ಎಡ."

ಅಷ್ಟೇ. ಅವರು ಹೋದ ಮೇಲೆ ಸಣ್ಣವನು, ಯಾರೂ ಹೇಳದಿದ್ದರೂ, ನನ್ನ ಕಾರಿನ ಗಾಜುಗಳನ್ನೆಲ್ಲ ಒರೆಸಿಕೊಡುತ್ತಿದ್ದ.

ಕೊನೆಗೊಮ್ಮೆ ಆ ಬಟ್ಟಲೊಳಗೆ ಹಾಕುವ ಫಿಲ್ಟರ್ ಎಲ್ಲೂ ಸಿಗದಂತಾಯಿತು. ಬಿಡಿಭಾಗದ ಅಂಗಡಿಯವನು ಒಂದು ಉಪಾಯ ಹೇಳಿದ: ಬಟ್ಟಲು ಕಿತ್ತು ಆ ಜಾಗಕ್ಕೆ ಒಂದು ಪ್ಲೇಟ್ ಕೂರಿಸಿ, ಅಲ್ಲಿಂದ ಎರಡು ಪೈಪು ಎಳೆದು, ಮೇಲೆ ಮಡ್‌ಗಾರ್ಡಿನ ಒಳಗೋಡೆಗೆ ಈಗಿನ ಕಾಲದ ಫಿಲ್ಟರ್ ಹಾಕಿಸಿ. ನಾನು ಸಾಮಾನು ಹೊತ್ತು, ಗೆದ್ದುಬಂದವನಂತೆ ಶೆಡ್ಡಿಗೆ ಹೋದೆ.

"ಇನ್ಮೇಲೆ ಒಂದೇ ಕೈಲಿ ಬಿಚ್ಚಬಹುದು ಮೇಸ್ತ್ರಿ! ಯಾರನ್ನೂ ಕರೆಯೋ ತಾಪತ್ರಯ ಇಲ್ಲ!"

ಅವನು ಪೆಟ್ಟಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿದ.

"ಹೌದು ಸಾರ್. ಕರೆಯೋ ಹಾಗೇ ಇಲ್ಲ."

ನಾನು ಅದನ್ನು ಮೆಚ್ಚುಗೆ ಎಂದುಕೊಂಡೆ.

ಆಮೇಲೆ ಶುರುವಾಯಿತು. ಪೈಪು ಗಿಡ್ಡವಾಯಿತು. ಉದ್ದದ್ದು ತಂದೆ, ಕ್ಲಾಂಪು ಸರಿಯಿಲ್ಲ. ಕ್ಲಾಂಪು ತಂದೆ, ಅವನ ಸೊಂಟ ಸರಿಯಿಲ್ಲ. ಕೊನೆಗೆ ರೇಗಿದೆ: "ಎಣ್ಣೆ ಡಾಂಬರಾಗಿದೆ ಕಣಯ್ಯಾ! ಎಂಜಿನ್ ಹೋದರೆ?" ಆ ಮಾತು ನಾಟಿತು. "ಪಾಪ, ಎಂಜಿನ್ ಏನು ಮಾಡಿದೆ ಸಾರ್" ಎಂದು ಕಾರಿನಡಿಗೆ ತೂರಿದ.

ಬಟ್ಟಲನ್ನು ಒಬ್ಬನೇ ಬಿಚ್ಚಿದ. ಕರಿ ಎಣ್ಣೆ ಮೊಣಕೈವರೆಗೂ ಇಳಿಯಿತು. ತಗಡಿಗೆ ಮಾತ್ರ ಬಡಿಯಲಿಲ್ಲ. ಪ್ಲೇಟ್ ಕೂರಿಸಿದ, ಪೈಪು ಎಳೆದ, ಹೊಸ ಫಿಲ್ಟರನ್ನು ಹೂಕುಂಡದಂತೆ ಚೆಂದಕ್ಕೆ ನಿಲ್ಲಿಸಿದ. ಒಂದು ಪೈಪಿನ ನಟ್ಟನ್ನು ಸ್ಪ್ಯಾನರ್ ಹಾಕಿ ಬಿಗಿದ. ಇನ್ನೊಂದನ್ನು ಬೆರಳಲ್ಲೇ ತಿರುಗಿಸಿ ಬಿಟ್ಟ. ನಾನು ನೋಡಿದೆ. ಎಂಜಿನ್ ಮುಂದುಗಡೆ ಇದೆ ಎಂಬುದಷ್ಟೇ ತಿಳಿದವನು ಬಾಯಿ ಹಾಕುವುದು ಹೇಗೆ?

ಎಂಜಿನ್ ಚಾಲೂ ಮಾಡಿದ ಕೂಡಲೇ ಎಣ್ಣೆ ತೊಟ್ಟಿಕ್ಕಿತು. ಆಫ್ ಮಾಡಿ, ತಗಡಿನ ಕಡೆ ಮುಖ ಮಾಡಿ, ಬಸ್‌ಸ್ಟ್ಯಾಂಡಿನಲ್ಲಿ ಕೂಗುವವನಂತೆ "ಸೋರ್ತಾ ಇದೆ!" ಅಂದ. ಆಮೇಲೆ ಸ್ಪ್ಯಾನರಿನಿಂದ ಬಡಿದ.

ದೊಡ್ಡವರು ಬಂದು ಬಗ್ಗಿದರು. ಬಟ್ಟಲಿದ್ದ ಜಾಗವನ್ನೇ ಒಂದು ಗಳಿಗೆ ನೋಡಿದರು.

"ತೆಗೆದುಬಿಟ್ಯಾ?"

"ಸಾಮಾನು ಸಿಗಲ್ವಂತೆ."

"ಹ್ಞೂಂ."

ನಟ್ಟಿಗೆ ಬೆರಳಿಟ್ಟರು. ಅದು ಸಲೀಸಾಗಿ ತಿರುಗಿತು. ಆಗ ತಲೆಯೆತ್ತಿ ತಮ್ಮನ ಮುಖ ನೋಡಿದರು.

"ಇಷ್ಟು ವರ್ಷ ಮಾಡಿ, ನಟ್ಟು ಬಿಗಿಯೋಕೆ ಬರಲ್ವೇನೋ ನಿಂಗೆ?"

"ಮರ್ತೆ ಅಣ್ಣ."

ಆ ಬಾಯಲ್ಲಿ ಅಣ್ಣ ಎಂಬ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ದೊಡ್ಡವರು ಕೆಮ್ಮಿ, "ಪೈಪು ಹಿಡಿ" ಅಂದರು. ಹಿಡಿಯುವ ಅಗತ್ಯವೇನೂ ಇರಲಿಲ್ಲ. ಇವನು ಎರಡೂ ಕೈಯಲ್ಲಿ ಹಿಡಿದ. ಅವರು ನಿಧಾನವಾಗಿ, ಬೇಕಾದ್ದಕ್ಕಿಂತ ನಿಧಾನವಾಗಿ ಬಿಗಿದರು.

"ಬಿಡು."

ಇವನು ಬಿಡಲಿಲ್ಲ.

"ಬಿಡೋ, ಆಯ್ತು."

ಬಿಟ್ಟ. ಆ ಕಡೆಯಿಂದ ಲಾರಿಯವನು ಕೂಗಿದ. ದೊಡ್ಡವರು ಇನ್ನೇನೋ ಹೇಳುವವರಂತೆ ನಿಂತವರು, "ಬಂದೆ" ಎಂದು ಅವನಿಗೇ ಉತ್ತರ ಕೊಟ್ಟು ಹೊರಟುಹೋದರು.

"ಇನ್ನು ಸೋರಲ್ಲ ಸಾರ್. ಅವರು ಬಿಗಿದದ್ದು ಯಾವತ್ತೂ ಸೋರಲ್ಲ" ಅಂದ ಸಣ್ಣ ಮೇಸ್ತ್ರಿ. ಹೆಮ್ಮೆಯಿಂದ ಶುರುವಾದ ಮಾತು, ಮುಗಿಯುವಷ್ಟರಲ್ಲಿ ದನಿ ಇಳಿದಿತ್ತು. ಹಳೆಯ ಬಟ್ಟಲನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತ ಕೂತ. ಗುಜರಿಗೆ ಹಾಕು ಅಂದೆ. ಕೇಳಿಸಲಿಲ್ಲವೆಂಬಂತೆ ಒರೆಸಿ ಗೂಡಿನಲ್ಲಿಟ್ಟ.

ಮುಂದಿನ ಸಲ ಎಣ್ಣೆ ಬದಲಿಸಲು ಹೋದಾಗ ಫಿಲ್ಟರನ್ನು ಒಂದೇ ಕೈಯಲ್ಲಿ ಬಿಚ್ಚಿದ. ಇನ್ನೊಂದು ಕೈ ಏನು ಮಾಡಬೇಕೋ ತಿಳಿಯದೆ ಮಡ್‌ಗಾರ್ಡಿನ ಮೇಲೆ ಸುಮ್ಮನೆ ಬಿದ್ದಿತ್ತು. ತಗಡಿನಾಚೆ ಸುತ್ತಿಗೆಯ ಸದ್ದು. ಅದು ನಿಂತಾಗೆಲ್ಲ ಇವನ ಕೈಯೂ ನಿಲ್ಲುತ್ತಿತ್ತು.

"ಎಲ್ಲಾದ್ರೂ ಸೋರ್ತಾ ಇದೆಯಾ ಸಾರ್? ಒಂದೆರಡು ಹನಿ?"

ಕತೆಯೆಂಬ ಸುಳ್ಳು ಬರೆದೇ ಹೊಟ್ಟೆ ಹೊರೆಯುವವನು ನಾನು. ಬೇಕಾದಾಗ ಒಂದು ಸುಳ್ಳು ಬಾಯಿಗೆ ಬರಲಿಲ್ಲ.

"ಒಂದು ಹನೀನೂ ಇಲ್ಲ ಮೇಸ್ತ್ರಿ."

"ಒಳ್ಳೇದಾಯ್ತು ಬಿಡಿ" ಎಂದು ತಗಡಿನ ಕಡೆ ಒಮ್ಮೆ ನೋಡಿ, ಸ್ಪ್ಯಾನರನ್ನು ಸದ್ದಾಗದಂತೆ ಕೆಳಗಿಟ್ಟ. ಆಮೇಲೆ ಟೀ ಕಾಯಿಸಿ ಲೋಟವನ್ನು ನನ್ನ ಕೈಗೆ ಕೊಟ್ಟು, ತಾನು ಮುಚ್ಚಳ ಹುಡುಕತೊಡಗಿದ.