ಮೂಗು ಅಮ್ಮಂದು, ಕೆಮ್ಮು ಅಜ್ಜಂದು

ಹಾಸಿಗೆ ಅಜ್ಜ ಯಾರ ಮನೆ ಬಾಗಿಲನ್ನೂ ತಟ್ಟುವುದಿಲ್ಲ, ಅವನ ಕೆಮ್ಮೇ ತಟ್ಟುತ್ತದೆ ಎಂದು ಬೀದಿಯವರು ಹೇಳುತ್ತಿದ್ದರು. ಎರಡು ತಿರುವಿನ ಆಚೆಯಿಂದಲೇ ಕೇಳುವ ಒಣ ಕೆಮ್ಮು. ಕಫವಿಲ್ಲ, ಬರೀ ಸದ್ದು. ಹಳೆ ಹಾಸಿಗೆ ಬಿಚ್ಚಿ, ಗಂಟುಕಟ್ಟಿದ ಹತ್ತಿಯನ್ನು ಹಿಂಜಿ, ಮತ್ತೆ ತುಂಬಿ ಹೊಲಿದುಕೊಡುವುದು ಅವನ ಕಸುಬು. ನಡುಮನೆಯೇ ಅಂಗಡಿ. ಹಿಂಜುವ ಬಿಲ್ಲಿನ ತಂತಿ ಝುಂಯ್ ಎಂದರೆ ಸಾಕು, ಎಳೆಗಳು ಎದ್ದು ದೀಪ, ಗಡಿಯಾರ, ನೀರಿನ ಕೊಡ ಎಲ್ಲದರ ಮೇಲೂ ಕೂರುತ್ತಿದ್ದವು. "ನಮ್ಮನೇಲಿ ಗಡಿಯಾರಕ್ಕೂ ಗಡ್ಡ" ಎಂದು ಮಗಳು ನಗುತ್ತಿದ್ದಳು. ಅಳಿಯ ಲಾರಿ ಓಡಿಸುವವನಾದ್ದರಿಂದ ಅವಳು ಅಪ್ಪನ ಜೊತೆಗೇ ಇದ್ದಳು.

ಅಜ್ಜನ ಅಪ್ಪನೂ ಹೀಗೇ ಕೆಮ್ಮಿದವನು, ಅವನಪ್ಪನೂ. ಅದು ಮನೆತನದ ಕೆಮ್ಮೆಂದೇ ಅಜ್ಜ ನಂಬಿದ್ದ. ಹಾಗಾಗಿ ಮಗಳ ಕೂಸು ಐದನೆಯ ತಿಂಗಳಲ್ಲಿ ಖೊಕ್ ಖೊಕ್ ಎಂದಾಗ ಅವನ ಮುಖ ಅರಳಿತು. "ಮೂಗು ಅಮ್ಮಂದು, ಕೆಮ್ಮು ಅಜ್ಜಂದು" ಎಂದು ಬೀದಿಗೆಲ್ಲ ಸಾರಿ ಬಂದ. ತೀರಿಹೋದ ಹೆಂಡತಿಯ ಹಾಸಿಗೆಯ ಹತ್ತಿ ಹಿಂಜಿ ಕೂಸಿಗೊಂದು ಪುಟ್ಟ ಹಾಸಿಗೆಯನ್ನೂ ಹೊಲಿದ.

ವಾರ ಮೂರಾದರೂ ಕೆಮ್ಮು ಬಿಡಲಿಲ್ಲ. ಹಾಲು ಕುಡಿಯುತ್ತಲೇ ಕೂಸು ಬಾಯಿ ಬಿಟ್ಟು ಕೆಮ್ಮತೊಡಗಿತು. ಮಗಳು ಹೆದರಿ, ಅಪ್ಪನನ್ನೂ ಕರೆದುಕೊಂಡು ಆಸ್ಪತ್ರೆಗೆ ಹೋದಳು. ಡಾಕ್ಟರು ಎದೆ ನೋಡಿದ ಮೇಲೆ, ನರ್ಸಮ್ಮ ಕೂಸಿನ ಅಂಗಿಯಿಂದ ಒಂದು ಎಳೆ ಎತ್ತಿ ಬೆಳಕಿಗೆ ಹಿಡಿದಳು.

"ಇದೇನಜ್ಜಾ?"

"ಹತ್ತಿ ಕಣಮ್ಮ. ನಮ್ಮ ಕಸುಬು."

"ಕಸುಬು ನಿಮ್ದು, ಮೂಗು ಇದರದ್ದು. ಎಲ್ಲಿ ಮಲಗಿಸ್ತೀರಿ?"

"ಬಿಲ್ಲಿನ ಪಕ್ಕದಲ್ಲೇ. ಕೆಮ್ಮು ನಮ್ಮ ವಂಶದ್ದು ಬಿಡಿ ತಾಯಿ, ನಮ್ಮಪ್ಪಂಗೂ ಇತ್ತು."

"ನಿಮ್ಮ ಮನೆಯವರಿಗೆ?"

"ಅವಳಿಗೂ ಇತ್ತು. ಕೆಮ್ತಾ ಕೆಮ್ತಾನೇ ಹೋದಳು."

"ಅವರೂ ನಿಮ್ಮ ವಂಶದಲ್ಲೇ ಹುಟ್ಟಿದೋರಾ?"

ಅಜ್ಜ ನರ್ಸಮ್ಮನ ಬೆರಳಲ್ಲಿದ್ದ ಎಳೆಯನ್ನೇ ನೋಡಿದ. ಹೆಂಡತಿ ಬೇರೆ ಊರಿನ, ಬೇರೆ ಮನೆಯ ಹೆಣ್ಣು. ಬಂದಾಗ ಅವಳಿಗೊಂದು ಸೀನೂ ಇರಲಿಲ್ಲ.

ನರ್ಸಮ್ಮ ಮಗಳ ಕಡೆ ತಿರುಗಿದಳು. "ದೂಳು, ಹೊಗೆ ಎರಡೂ ಇದರ ಹತ್ರ ಸುಳಿಯಬಾರದು. ಗುಡಿಸಬೇಡ, ಒದ್ದೆ ಬಟ್ಟೇಲಿ ಒರೆಸು. ಅಂಗಡಿಯಿಂದ ಕೆಮ್ಮಿನ ಔಷಧಿ ತಂದು ಹಾಕಬೇಡ, ವರ್ಷ ತುಂಬೋವರೆಗೆ ಜೇನುತುಪ್ಪಾನೂ ಬೇಡ. ನಿನ್ನ ಹಾಲು ಕೊಡ್ತಾ ಇರು. ಉಸಿರಿಗೆ ಪಕ್ಕೆ ಒಳಗೆ ಸೆಳೆದರೆ, ತುಟಿ ನೀಲಿಯಾದರೆ, ಹಾಲು ಬಿಟ್ಟರೆ, ಒಲೆ ಮೇಲೆ ಅಡುಗೆ ಇದ್ದರೂ ಬಿಟ್ಟು ಓಡಿ ಬಾ."

ಮನೆಗೆ ಬಂದವನೇ ಅಜ್ಜ ಬಿಲ್ಲನ್ನು ಬೀದಿ ಕೊನೆಯ ಖಾಲಿ ಶೆಡ್ಡಿಗೆ ಸಾಗಿಸಿದ. ಗೋಡೆ, ಸೂರು, ಗಡಿಯಾರದ ಗಡ್ಡ ಎಲ್ಲವನ್ನೂ ಒರೆಸಿದ. ಪುಟ್ಟ ಹಾಸಿಗೆಯನ್ನು ಬಿಚ್ಚಲು ಮಾತ್ರ ಕೈ ಬರಲಿಲ್ಲ, ಕಂಕುಳಲ್ಲಿಟ್ಟುಕೊಂಡು ಶೆಡ್ಡಿಗೇ ಒಯ್ದ. ಸಂಜೆ ನಲ್ಲಿಯ ಕೆಳಗೆ ಮಿಂದು, ಬಟ್ಟೆ ಬದಲಿಸಿ, ಮಗಳು "ಈಗ ಬಾ" ಅಂದಮೇಲೇ ಕೂಸನ್ನು ಮುಟ್ಟುತ್ತಿದ್ದ. ಒಂದು ದಿನ ಕೇಳಿದ, "ನಿಮ್ಮಮ್ಮ ಎಲ್ಲಿ ಮಲಗ್ತಿದ್ದಳು, ನೆನಪಿದೆಯಾ?"

"ಬಿಲ್ಲಿನ ಪಕ್ಕ."

"ಹೂಂ" ಎಂದ.

ಕೂಸಿನ ಕೆಮ್ಮು ತಿಂಗಳೊಳಗೆ ನಿಂತಿತು. ಅಜ್ಜನದು ನಿಲ್ಲಲಿಲ್ಲ. ಕೂಸಿಗೆ ಹತ್ತು ತಿಂಗಳಾಗುವ ಹೊತ್ತಿಗೆ ಅವನಿಗೆ ಎರಡು ಮೆಟ್ಟಿಲಿಗೂ ಉಸಿರು ಸಾಲದಾಯಿತು. ಡಾಕ್ಟರು ದೊಡ್ಡಾಸ್ಪತ್ರೆಗೆ ಸೇರಿಸಬೇಕೆಂದರು. ಅಳಿಯ ಗಾಡಿ ತಂದು ನಿಲ್ಲಿಸಿದ. ಹೊಸಿಲಲ್ಲಿ ಅಜ್ಜ ಕೆಮ್ಮಿದ. ಹಿಂದಿನಿಂದ ಖೊಕ್ ಖೊಕ್ ಎಂದು ಉತ್ತರ ಬಂತು.

ಅವನು ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಗಾಬರಿ ಆಗಬೇಡಪ್ಪ, ನಿನ್ನ ಅಣಕಿಸ್ತಿದಾಳೆ" ಎಂದಳು ಮಗಳು. "ನೋಡು, ನಗ್ತಿದಾಳೆ."

"ನಿಜವಾಗ್ಲೂ?"

"ನಿಜವಾಗ್ಲೂ."

ಕೂಸು ಇನ್ನೊಂದು ಕೆಮ್ಮಿಗೆ ಕಾದು ಅವನ ಬಾಯನ್ನೇ ನೋಡುತ್ತಿತ್ತು. ಅಜ್ಜ ಟವೆಲನ್ನು ಬಾಯಿಗೊತ್ತಿ ಹಿಡಿದು, ಸದ್ದಾಗದಂತೆ ಮೆಟ್ಟಿಲಿಳಿದ. ಅವನು ಕೊನೆಯ ಸಲ ಮನೆ ಬಿಟ್ಟು ಹೋದದ್ದು ಬೀದಿಯಲ್ಲಿ ಯಾರಿಗೂ ಕೇಳಿಸಲಿಲ್ಲ.