ಬೊಂಬಾಯಿಯಲ್ಲಿ ಹಾಕಿದ ಎರಡು ಕಡ್ಡಿ

ಸೊಂಟ ಕೂಡಿತು. ಕಾಲು ಬಂತು. ಅದೊಂದು ಮಾತ್ರ ಏಳಲಿಲ್ಲ.

ಇದನ್ನು ಬರೆಯಲು ನನಗೀಗ ಸಂಕೋಚವಿಲ್ಲ. ಆದರೆ ಇದೇ ಮಾತನ್ನು ಬಾಯಿ ಬಿಟ್ಟು ಹೇಳಲಾರದೆ ಎರಡು ವರ್ಷ ಒದ್ದಾಡಿದವನು ನಾನು. ಯಲ್ಲಾಪುರದ ಮರದ ಡಿಪೋದಲ್ಲಿ ನನ್ನದು ಅಳತೆ ಕೆಲಸ. ಕಾಡಿನಿಂದ ಬಂದ ಸಾಗವಾನಿ ದಿಮ್ಮಿಗಳಿಗೆ ಟೇಪು ಹಿಡಿದು, ಸುತ್ತಳತೆ ನೋಡಿ, ನಂಬರು ಹೊಡೆಯುವುದು. ಮದುವೆಯಾಗಿ ಆರು ತಿಂಗಳಾಗಿತ್ತು. ಲಾರಿಯಿಂದ ಇಳಿಸುವಾಗ ಒಂದು ದಿಮ್ಮಿ ಜಾರಿ ನನ್ನ ಸೊಂಟದ ಮೇಲೆ ಬಂತು. ಪೆಲ್ವಿಸ್ ಫ್ರ್ಯಾಕ್ಚರ್ ಎಂದರು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಮೂರು ತಿಂಗಳು ಮಲಗಿದ್ದು ಎದ್ದು ಬಂದಾಗ, ಬನವಾಸಿ ಹತ್ತಿರದ ನಮ್ಮ ಊರಿನವರೆಲ್ಲ ಪುಣ್ಯವಂತ ಎಂದರು. ಪುಣ್ಯ ಎಲ್ಲಿಯವರೆಗೆ ಇತ್ತು ಎಂಬುದು ಮನೆಗೆ ಬಂದ ವಾರದಲ್ಲೇ ಗೊತ್ತಾಯಿತು.

ಹೆಂಡತಿ ನೀಲವ್ವನ ಮುಂದೆ ನನಗೆ ನಿಶ್ಶಕ್ತಿ ಎಂದೆ. ಔಷಧ ತಗೊಂಡರೆ ಸರಿಹೋದೀತು ಎಂದೆ. ಸಿದ್ದಾಪುರದ ಪಂಡಿತರ ಲೇಹ್ಯ ತಿಂದೆ. ಸಂತೆಯಲ್ಲಿ ಎಣ್ಣೆ ಮಾರುವವನ ಮುಂದೆ, ಮಂಡಿನೋವಿಗೆ ಎಂದು ಸುಳ್ಳು ಹೇಳಿ ನಿಂತೆ. ಲೇಹ್ಯದಿಂದ ಮೈ ಬಂತು, ಅಂಗಿ ಬಿಗಿಯಾಯಿತು. ಬೇರೇನೂ ಆಗಲಿಲ್ಲ.

ಮನೆಯಲ್ಲಿ ಅವ್ವ ಮೊಮ್ಮಗುವಿಗಾಗಿ ದಿನ ಎಣಿಸುತ್ತಿದ್ದಳು. ನೀಲವ್ವನಿಂದ ಸೋಮವಾರದ ಉಪವಾಸ ಮಾಡಿಸಿದಳು. ಅಣ್ಣನ ಹೆಂಡತಿಯ ಕುಬಸದ ದಿನ ಊರ ಮುತ್ತೈದೆಯರೆಲ್ಲ ಬಸುರಿಗೆ ಉಡಿ ತುಂಬುತ್ತಿದ್ದಾಗ ನೀಲವ್ವನೂ ತಟ್ಟೆ ಹಿಡಿದು ಬಂದಳು.

"ನೀ ಬ್ಯಾಡವಾ. ಬಂಜಿ ಕೈಲೆ ಉಡಿ ತುಂಬಸಬಾರದು. ಒಳಗಿರು," ಎಂದಳು ಅವ್ವ.

ನಾನು ಅಲ್ಲೇ ಜಮಖಾನೆಯ ಮೇಲೆ ಕೂತಿದ್ದೆ.

ಅದಾದ ಮೇಲೆ ಅಣ್ಣ ಚನ್ನಬಸಪ್ಪ ನನಗೆ ಎರಡನೇ ಹೆಣ್ಣು ಹುಡುಕಲು ಹೊರಟ. ಕಾಯ್ದೆ ಬಂದಿದೆ, ಹಾಗೆಲ್ಲ ಮಾಡುವಂತಿಲ್ಲ ಎಂದೆ. ಕಾಯ್ದೆ ಬೆಂಗಳೂರಾಗಿರಲಿ ಎಂದ. ಒಂದು ದಿನ ನನ್ನನ್ನು ಕೇಳದೆ ಹುಡುಗಿಯ ಅಪ್ಪನನ್ನೇ ಮನೆಗೆ ಕರೆದುಕೊಂಡು ಬಂದ.

ನಮ್ಮ ಡಿಪೋದಲ್ಲಿ ಒಂದು ಪದ್ಧತಿ ಇದೆ. ಲಿಲಾವು ಶುರುವಾಗುವ ಮೊದಲು ಅಳತೆಯವನು ದಿಮ್ಮಿಯ ತುದಿಗೆ ಸುತ್ತಿಗೆಯಿಂದ ಬಡಿದು ನೋಡಿ, ಪೊಳ್ಳಿದ್ದರೆ ಪೊಳ್ಳು, ಸೀಳಿದ್ದರೆ ಸೀಳು ಎಂದು ಎಲ್ಲರಿಗೂ ಕೇಳುವಂತೆ ಹೇಳಬೇಕು. ಹೇಳದೆ ಮಾರಿದರೆ ಆ ಪಾಪ ಅಳತೆಯವನದು. ಹತ್ತು ವರ್ಷದಿಂದ ಅದೇ ಕೆಲಸ ಮಾಡಿದ ಬಾಯಿ ನನ್ನದು. ಹುಡುಗಿಯ ಅಪ್ಪ ಚಹಾ ಕುಡಿಯುತ್ತ ಮಗಳ ಗುಣ ಹೇಳುತ್ತಿದ್ದಾಗ ನನಗೆ ತಡೆಯಲಾಗಲಿಲ್ಲ.

"ಯಜಮಾನ್ರ, ಮಾತು ಮುಂದ ಹೋಗೂದಕ್ಕಿಂತ ಮೊದ್ಲ ಹೇಳತೇನಿ. ಊನ ಇರೂದು ನನ್ನಾಗ. ದಿಮ್ಮಿ ಬಿದ್ದ ದಿನದಿಂದ ನಾ ಸಂಸಾರಕ್ಕ ಬರೂವಂಗಿಲ್ಲ. ನೀಲವ್ವಂದು ಏನೂ ತಪ್ಪಿಲ್ಲ."

ಅವರು ಕಪ್ಪು ಕೆಳಗಿಟ್ಟು ಎದ್ದರು. ಅಣ್ಣ ನೆಲ ನೋಡಿದ. ನನಗೋ ದೊಡ್ಡ ಕೆಲಸ ಮಾಡಿದ ಹೆಮ್ಮೆ. ನೀಲವ್ವ ಖುಷಿಪಟ್ಟಾಳು ಎಂದುಕೊಂಡೆ. ಅವಳು ಮರುದಿನ ಬೆಳಿಗ್ಗೆ ಸೀರೆ ಗಂಟು ಕಟ್ಟಿ ಬಾಗಿಲಲ್ಲಿ ನಿಂತಿದ್ದಳು.

"ಆ ಹುಡುಗಿ ಅಪ್ಪಗ ಮೋಸ ಆಗಬಾರದಂತ ಬಾಯಿ ಬಿಟ್ರಿ. ಅತ್ತಿ ನನ್ನ ಬಂಜಿ ಅಂದಾಗ ಅಲ್ಲೇ ಕುಂತಿದ್ರಲ್ಲ?"

ಹೇಳಿ ತವರಿಗೆ ಹೋದಳು. ದಾಸನಕೊಪ್ಪ ದೂರವೇನಲ್ಲ. ಆದರೂ ಹಿಂದೆ ಹೋಗಲು ನನಗೆ ಮುಖವಿರಲಿಲ್ಲ. ಮೈ ಸರಿಮಾಡಿಕೊಂಡೇ ಅವಳ ಮುಂದೆ ನಿಲ್ಲಬೇಕು ಎಂದು ಹಟ ಹಿಡಿದೆ. ಗುಟ್ಟು ಹೇಗೂ ಬಯಲಾಗಿತ್ತು. ಶಿರಸಿಯ ಡಾಕ್ಟರ ಬಳಿ ನೆಟ್ಟಗೆ ಹೋಗಿ ಎಲ್ಲ ಹೇಳಿದೆ.

"ಎರಡು ವರ್ಷ ಎಂತ ಮಾಡ್ತಿದ್ದೆ ಮಾರಾಯ?" ಎಂದು ಬೈದರು. ನರಕ್ಕೆ ಪೆಟ್ಟಾಗಿದೆ, ಯಾವ ಲೇಹ್ಯಕ್ಕೂ ಬಗ್ಗುವುದಲ್ಲ ಎಂದರು. ಬೊಂಬಾಯಿಯಲ್ಲಿ ಒಬ್ಬ ಸರ್ಜನ್ ಒಳಗೆ ಪ್ಲಾಸ್ಟಿಕ್ ಕಡ್ಡಿ ಇಟ್ಟು ಆಪರೇಷನ್ ಮಾಡುತ್ತಾರಂತೆ ಎಂದು ಚೀಟಿ ಕೊಟ್ಟರು.

ಅಣ್ಣನೇ ಜೊತೆಗೆ ಬಂದ. ಹುಬ್ಬಳ್ಳಿಯಿಂದ ರೈಲಿನಲ್ಲಿ ದಾರಿಯುದ್ದಕ್ಕೂ ನನಗೆ ಬಾಳೆಹಣ್ಣು ಸುಲಿದು ಕೊಡುತ್ತಲೇ ಇದ್ದ. ತಪ್ಪಾಯಿತು ಎಂದು ಹೇಳಲು ಅವನಿಗೆ ಬೇರೆ ದಾರಿ ಗೊತ್ತಿರಲಿಲ್ಲ.

ಸರ್ಜನ್ ಧಾರವಾಡ ಕಡೆಯವರು. ಕನ್ನಡದಲ್ಲೇ ಮಾತಾಡಿದ್ದು ನನಗೆ ಅರ್ಧ ಧೈರ್ಯ ಕೊಟ್ಟಿತು. ಎರಡು ಕಡ್ಡಿ, ಎರಡೂ ಬದಿಗೆ ಒಂದೊಂದು. ಒಮ್ಮೆ ಇಟ್ಟರೆ ಯಾವಾಗಲೂ ಗಟ್ಟಿಯಾಗಿಯೇ ಇರುತ್ತದೆ, ಲಂಗೋಟಿ ಬಿಗಿದು ಓಡಾಡಬೇಕು. ಕೀವಾದರೆ ತೆಗೆಯಬೇಕಾಗುತ್ತದೆ. ಹೊಸ ಪದ್ಧತಿ, ಗ್ಯಾರಂಟಿ ಇಲ್ಲ. ಎಲ್ಲ ಬಿಡಿಸಿ ಹೇಳಿ, ಅಳತೆ ನೋಡಿದರು. ಅಳತೆ ಎಂದ ಕೂಡಲೇ ನನ್ನೊಳಗಿನ ಡಿಪೋದವನು ಎದ್ದ.

"ಸಾಹೇಬ್ರ, ಒಂದೀಟು ಉದ್ದನ ಇರಲಿ. ಹೆಚ್ಚಾದ್ರ ಆಮ್ಯಾಲೆ ಕತ್ತರಿಸಬಹುದು."

"ಇದು ಸಾಗವಾನಿ ಅಲ್ಲೋ ಮಾರಾಯ," ಎಂದು ಅವರು ಹೊಟ್ಟೆ ಹಿಡಿದು ನಕ್ಕರು. "ಉದ್ದಾದ್ರ ಚರ್ಮ ಹರಕೊಂಡು ಹೊರಗ ಬರ್ತದ." ನರ್ಸು ಮುಖ ತಿರುಗಿಸಿ ನಿಂತಳು.

ಬೆನ್ನಿಗೆ ಸ್ಪೈನಲ್ ಇಂಜೆಕ್ಷನ್ ಕೊಟ್ಟರು. ಆಗ ನೋವಾಗಲಿಲ್ಲ. ಆಮೇಲೆ ಆಯಿತು. ಅಂಥ ನೋವು ದಿಮ್ಮಿ ಬಿದ್ದಾಗಲೂ ಆಗಿರಲಿಲ್ಲ. ಕ್ಯಾಥೆಟರ್, ಊತ, ಹಾಸಿಗೆಯ ಮೇಲೆ ಬಟ್ಟೆ ತಾಗದಂತೆ ಇಟ್ಟ ಕಬ್ಬಿಣದ ಕಮಾನು. ಐದನೇ ದಿನ ಮೈ ಕಾದು ನಡುಗತೊಡಗಿತು.

"ಜ್ವರ ಇಳೀಲಿಲ್ಲಂದ್ರ ಕಡ್ಡಿ ತೆಗಿಬೇಕಾಗ್ತದ," ಎಂದರು ಡಾಕ್ಟರು.

ಪೆನಿಸಿಲಿನ್ ಚುಚ್ಚಿದರು. ಆ ಮೂರು ದಿನ ನಾನು ಕಡ್ಡಿಯ ಬಗ್ಗೆ ಯೋಚಿಸಿದ್ದು ಕಡಿಮೆ. ನೀಲವ್ವ ಬಾಗಿಲಲ್ಲಿ ನಿಂತು ಕೇಳಿದ ಪ್ರಶ್ನೆಯೇ ಕಿವಿಯಲ್ಲಿತ್ತು. ಜ್ವರ ಬಂದ ನಾಲ್ಕನೇ ದಿನ ಬಿಟ್ಟಿತು.

ಆರು ವಾರ ಕಳೆದು ದಾಸನಕೊಪ್ಪಕ್ಕೆ ಹೋದೆ. ಆಪರೇಷನ್ ಆಯಿತು, ಇನ್ನು ಚಿಂತೆಯಿಲ್ಲ ಎಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆ. ನೀಲವ್ವ ನೀರು ತಂದಿಟ್ಟಳು. ಎಲ್ಲ ಕೇಳಿಸಿಕೊಂಡಳು.

"ಮೊದ್ಲ ಕರಿಯಾಕ ಬರಬೇಕಿತ್ತು," ಎಂದಳು. "ಬೊಂಬಾಯಿಗೆ ನಾನೂ ಬರ್ತಿದ್ದೆ."

ಅತ್ತೆ ಮನೆಯ ಕಟ್ಟೆಯ ಮೇಲೆ ಕೂತು ಅತ್ತುಬಿಟ್ಟೆ.

ಈಗ ನಾವು ಗಂಡ ಹೆಂಡತಿಯಾಗಿ ಬಾಳುತ್ತಿದ್ದೇವೆ. ಕಡ್ಡಿ ತನ್ನ ಕೆಲಸ ಮಾಡುತ್ತದೆ. ಚಳಿಗಾಲದಲ್ಲಿ ಒಳಗೆ ಸ್ವಲ್ಪ ಸೆಳೆತ, ದಿಮ್ಮಿ ದಾಟುವಾಗ ಎಚ್ಚರ, ಅಷ್ಟೇ. ಕಳೆದ ತಿಂಗಳು ಚೆಕಪ್‌ಗೆ ಇಬ್ಬರೂ ಬೊಂಬಾಯಿಗೆ ಹೋಗಿದ್ದೆವು. ನಾನು ಕೇಳಲು ನಾಚಿದ್ದನ್ನೆಲ್ಲ ನೀಲವ್ವ ಕೇಳಿದಳು. ಒಳಗ ಮುರೀತೈತೇನ್ರಿ? ಮಕ್ಕಳಾಗ್ತಾವೇನ್ರಿ? ಮುರಿದರೆ ಬೇರೆ ಹಾಕೋಣ, ಮಕ್ಕಳಾದರೂ ಆಗಬಹುದು, ಆಗಿಯೇ ತೀರುತ್ತವೆ ಎನ್ನಲಾರೆ ಎಂದರು ಡಾಕ್ಟರು.

"ಆಗ್ಲಿಲ್ಲಂದ್ರ ಇರ್ಲಿ ಬಿಡ್ರಿ. ಆದ್ರ ಅತ್ತಿ ಕೇಳಿದ್ರ ಇವರ ಹೇಳಬೇಕು," ಎಂದಳು ನನ್ನ ಕಡೆ ನೋಡಿ.

ಊರು ಮುಟ್ಟಿ ಚಪ್ಪಲಿ ಬಿಡುವ ಮೊದಲೇ ಹೇಳಿದೆ.

"ಅವ್ವಾ, ಮಕ್ಕಳಾದ್ರೂ ಆಗದಿದ್ರೂ ಇನ್ನ ನೀಲವ್ವನ್ನ ಯಾರೂ ಕೇಳಬಾರದು. ಕೇಳೂದಿದ್ರ ನನ್ನ ಕೇಳ್ರಿ."

ಅವ್ವ ನೀಲವ್ವನ ಕೈಯಲ್ಲಿದ್ದ ಚೀಲ ತೆಗೆದುಕೊಂಡಳು.

"ದಣದು ಬಂದಿ, ಕುಂದ್ರು," ಎಂದಳು. "ಚಾ ನಾ ಮಾಡತೇನಿ."