ಅರ್ಧ ಕೀಲು, ಪೂರ್ತಿ ಕೀಲು

ಮಾರ್ಚ್ ತಿಂಗಳ ಒಂದು ಮಂಗಳವಾರ, ಬೆಳಿಗ್ಗೆ ಎಂಟೂವರೆ. ಪಶ್ಚಿಮ ಲಂಡನ್ನಿನ ಒಂದು ಆಸ್ಪತ್ರೆ. ಹಾಸಿಗೆಯಲ್ಲಿ ನನ್ನ ಹೆಂಡತಿ, ಪಕ್ಕದಲ್ಲಿ ನಾನು ಮತ್ತು ಮಗ, ಎದುರಿಗೆ ಮೂಳೆ ಡಾಕ್ಟರು. ಹಿಂದಿನ ಸಂಜೆ ಹೇಸ್‌ನ ನಮ್ಮ ಮನೆ ಬಾಗಿಲಲ್ಲೇ ಜಾರಿ ಬಿದ್ದು, ಸೊಂಟದ ಕೀಲಿನ ಬಳಿ ಅವಳ ತೊಡೆಮೂಳೆ ಮುರಿದಿತ್ತು.

ಡಾಕ್ಟರು ಚಿತ್ರ ಬರೆದು ವಿವರಿಸಿದರು. ಸ್ಕ್ರೂ ಹಾಕಿ ಕೂಡಿಸಬಹುದು. ಆದರೆ ತುಂಡು ಸರಿದುಹೋಗಿದೆ, ಈ ವಯಸ್ಸಿನಲ್ಲಿ ಮೂಳೆ ಕೂಡದಿದ್ದರೆ ಮತ್ತೆ ಕೊಯ್ಯಬೇಕು. ಮೂಳೆಯ ಗುಂಡು ಮಾತ್ರ ಬದಲಿಸಿದರೆ ಅರ್ಧ ಕೀಲು, ಬೇಗ ಮುಗಿಯುತ್ತದೆ. ಗುಂಡು ಕೂರುವ ಬಟ್ಟಲನ್ನೂ ಬದಲಿಸಿದರೆ ಪೂರ್ತಿ ಕೀಲು. ಹೆಚ್ಚು ಹೊತ್ತು ಹಿಡಿಯುತ್ತದೆ, ಆದರೆ ಚೆನ್ನಾಗಿ ನಡೆಯುತ್ತಿದ್ದವರಿಗೆ ಅದು ಮೇಲು.

"ಹೊರಗೆ ಒಬ್ಬರೇ ಓಡಾಡುತ್ತಿದ್ದರಾ?"

ಮಗ ಇಂಗ್ಲಿಷಿನಲ್ಲಿ ಹೇಳಿದ: "ಇಲ್ಲ ಡಾಕ್ಟರ್. ಅಮ್ಮನ ಕೈಲಿ ನಾವು ಏನೂ ಮಾಡಿಸೋದಿಲ್ಲ. ಎಲ್ಲಾ ನನ್ನ ಹೆಂಡತಿಯೇ ನೋಡಿಕೊಳ್ತಾಳೆ."

ನಮ್ಮೂರು ಧಾರವಾಡದಲ್ಲಿ ಬೀಗರ ಮುಂದೆ ಆಡಿದರೆ ಮರ್ಯಾದೆ ತರುವ ಮಾತು. ಡಾಕ್ಟರು ಅರ್ಧ ಕೀಲಿನ ಚಿತ್ರಕ್ಕೆ ಸುತ್ತು ಹಾಕಿದರು.

"ಏನಂದನ್ರೀ ಅವಾ?" ಎಂದಳು ಹೆಂಡತಿ. ಹೇಳಿದೆ.

"ಹಂಗಾದ್ರ ದಿನಾ ಕೊತ್ತಂಬ್ರಿ ತರಾಕ ಹೋಗೂದು ಯಾರಂತ? ಕುಂದ್ರಿಸಿ ಮಹಾರಾಣಿ ಮಾಡಿದ ನೋಡ್ರಿ ನನ್ನ."

ಕೋಲಿಲ್ಲದೆ ಸ್ಟೇಷನ್ನಿನ ಆಚೆಯ ಅಂಗಡಿಗೆ ದಿನವೂ ಒಬ್ಬಳೇ ಹೋಗಿಬರುತ್ತಾಳೆಂದು ಡಾಕ್ಟರಿಗೆ ತಿಳಿಸಿದೆ. ಹಾಗಾದರೆ ಪೂರ್ತಿ ಕೀಲನ್ನೇ ಯೋಚಿಸೋಣ, ಅರಿವಳಿಕೆಯ ಡಾಕ್ಟರು ಒಪ್ಪಬೇಕು ಎಂದರು.

ಅವರು ಮಧ್ಯಾಹ್ನ ಬಂದರು. ಅವಳ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು, ಸ್ಕ್ಯಾನ್ ಮಾಡಿಸಿದರು. ಹೃದಯದ ಕವಾಟ ಕಿರಿದಾಗಿದೆ, ದೀರ್ಘ ಆಪರೇಷನ್ ತಾಳುವುದಿಲ್ಲ. ಅರ್ಧ ಕೀಲೇ, ನಾಳೆ ಬೆಳಿಗ್ಗೆ. ಆಮೇಲೆ ಬಚ್ಚಲಿಗೆ ಹೋಗಿಬಂದರೆ ಸಾಕೆಂದುಕೊಳ್ಳಿ. ಈ ಹೃದಯಕ್ಕೆ ಇನ್ನು ಮೆಟ್ಟಿಲು, ಅಂಗಡಿ ಆಗದು, ಮರೆತುಬಿಡಿ ಎಂದರು.

"ಅಂದ್ರ ನನ್ನ ಮಾತಿಂದ ಏನೂ ಕೆಟ್ಟಿಲ್ಲಲ್ಲಪ್ಪಾ?" ಎಂದು ಮಗ ಕಾರಿಡಾರಿನಲ್ಲಿ ಕೇಳಿದ.

"ಇಲ್ಲ."

ಅದೇ ಕಷ್ಟವಾಯಿತು. ಅವನ ಮಾತಿನಿಂದ ಕೆಟ್ಟಿದ್ದರೆ ಸರಿಪಡಿಸಬಹುದಿತ್ತು.

ನಾನು ಡ್ರಿಲ್ ಮಾಸ್ತರನಾಗಿದ್ದವನು. ಹೊರಡುವಾಗ ಅವಳು, "ಮನೀಗೆ ಬಂದಮ್ಯಾಲ ಸೀಟಿ ಊದಿ ನಡಸಬ್ಯಾಡ್ರಿ ಮತ್ತ," ಎಂದಳು. ಊದುವುದಿಲ್ಲ ಎಂದೆ.

ಸಂಜೆ ಅವಳ ಮಂಚ ಬಿಚ್ಚಿ, ಮಗನೂ ನಾನೂ ಮಹಡಿಯಿಂದ ಮುಂದಿನ ಕೋಣೆಗೆ ಇಳಿಸಿದೆವು. ಬಾಗಿಲ ಬಳಿಯಿದ್ದ ಅವಳ ಶೂ ದಾರಿಗೆ ಅಡ್ಡ ಬರುತ್ತಿತ್ತು. ಮಣ್ಣು ಒರೆಸಿ ಮೇಲಿನ ಕಪಾಟಿನಲ್ಲಿಟ್ಟೆ. ಮಂಚದ ಕೊನೆಯ ಬೋಲ್ಟು ಬಿಗಿ ಮಾಡಿ, ಚಾದರ ಹಾಸಿ, ಸ್ಪ್ಯಾನರನ್ನು ಪೆಟ್ಟಿಗೆಗೆ ಹಾಕಿದೆ.